ಜಗಳ ಅವರ ಹೆಸರಲ್ಲಿ, ಸಗಣಿ ನಮ್ಮಪ್ಪನ ಗೋಡೆಗೆ

ಕನ್ನಡ ನಟರ ಜಗಳಗಳಲ್ಲಿ ಅತಿ ದೊಡ್ಡದು ಯಾವುದು, ಆಮೇಲೆ ಯಾರಾದರೂ ಪಶ್ಚಾತ್ತಾಪ ಪಟ್ಟರೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯವನು. ಅಪ್ಪ ಇಲ್ಲಿನ ಟಾಕೀಸೊಂದಕ್ಕೆ ಪೋಸ್ಟರ್ ಅಂಟಿಸುತ್ತಿದ್ದರು. ಹಾಗಾಗಿ ನನಗೆ ಗೊತ್ತಿರೋದು ಗೋಡೆ ಕಡೆಯ ಕಥೆ.

ದೊಡ್ಡದು ಅಂದರೆ ರಾಜ್‌ಕುಮಾರ್, ವಿಷ್ಣುವರ್ಧನ್ ಹೆಸರಲ್ಲಿ ನಡೆದದ್ದೇ. ‘ಹೆಸರಲ್ಲಿ’ ಅಂತ ಬೇಕಂತಲೇ ಬರೆದೆ. 1973ರಲ್ಲಿ ಬಂದ ‘ಗಂಧದ ಗುಡಿ’ಯ ಚಿತ್ರೀಕರಣದಲ್ಲಿ ಬಂದೂಕಿನಿಂದ ನಿಜವಾದ ಗುಂಡು ಹಾರಿತು ಅನ್ನೋ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿ, ವಿಷ್ಣು ಬೇಕಂತಲೇ ಹಾಗೆ ಮಾಡಿದರು ಅನ್ನೋವರೆಗೆ ಹೋಯಿತು. ಆ ಚಿತ್ರದ ಕಥೆಯಲ್ಲಿ ಇಬ್ಬರೂ ಅಣ್ಣತಮ್ಮಂದಿರು! ಆಮೇಲೆ ಅವರು ಜೊತೆಗೆ ನಟಿಸಲೇ ಇಲ್ಲ. ಅವರು ಬಿಟ್ಟರೂ ಅಭಿಮಾನಿಗಳು ಬಿಡಲಿಲ್ಲ.

ಎಂಬತ್ತರ ದಶಕ. ಅಪ್ಪ ಬೆಳಗಿನ ಜಾವ ಎದ್ದು ಮೈದಾ ಅಂಟು ಕಾಯಿಸೋರು. ಅದಕ್ಕೆ ಒಂಚೂರು ಮೈಲುತುತ್ತ ಬೆರೆಸಬೇಕು, ಇಲ್ಲದಿದ್ದರೆ ದನಗಳು ಪೋಸ್ಟರನ್ನೇ ಕಿತ್ತು ತಿಂದುಬಿಡುತ್ತವೆ. ಸೈಕಲ್ ಹ್ಯಾಂಡಲಿಗೆ ಬಕೆಟ್, ಕ್ಯಾರಿಯರಿಗೆ ಪೋಸ್ಟರ್ ಸುರುಳಿ, ಹೆಗಲಿಗೆ ಏಣಿ. ಅಣ್ಣಾವ್ರ ಚಿತ್ರ ಅಂಟಿಸಿದ ರಾತ್ರಿ ಅವರ ಮುಖಕ್ಕೆ ಸಗಣಿ. ವಾರ ಬಿಟ್ಟು ವಿಷ್ಣು ಚಿತ್ರ ಬಂದರೆ ಅವರಿಗೂ ಅದೇ ಮರ್ಯಾದೆ. ಮಾಲೀಕರು ‘ಮತ್ತೆ ಅಂಟಿಸು’ ಅನ್ನೋರು, ಎರಡನೇ ಸಲದ ಕೂಲಿ ಮಾತ್ರ ಕೊಡ್ತಿರಲಿಲ್ಲ.

ಈಗಿನವರ ಜಗಳಕ್ಕೆ ಗೋಡೆ ಬೇಕಿಲ್ಲ. 2017ರಲ್ಲಿ ದರ್ಶನ್, ತಾವೂ ಸುದೀಪೂ ಇನ್ನು ಸ್ನೇಹಿತರಲ್ಲ ಅಂತ ಟ್ವೀಟ್ ಮಾಡಿದರು. ದರ್ಶನ್‌ಗೆ ‘ಮೆಜೆಸ್ಟಿಕ್’ ಚಿತ್ರದ ಅವಕಾಶ ಯಾರಿಂದ ಸಿಕ್ಕಿತು ಅನ್ನೋದು ತಕರಾರು. 2022ರಲ್ಲಿ ಹೊಸಪೇಟೆಯಲ್ಲಿ ದರ್ಶನ್ ಮೇಲೆ ಚಪ್ಪಲಿ ಬಿದ್ದಾಗ ಅದನ್ನು ಖಂಡಿಸಿ ಬರೆದವರು ಅದೇ ಸುದೀಪ್. ಇನ್ನು 2024ರಲ್ಲಿ ಚಿತ್ರದುರ್ಗದ ಮನೆಯೊಂದು ಮಗನನ್ನು ಕಳೆದುಕೊಂಡ, ದರ್ಶನ್ ಆರೋಪಿಯಾದ ಕೊಲೆ ಪ್ರಕರಣ ಕೋರ್ಟಿನದ್ದು. ಅದನ್ನು ‘ಸ್ಟಾರ್ ವಿವಾದ’ಗಳ ಸಾಲಿಗೆ ಸೇರಿಸೋದು ನನಗೆ ಒಪ್ಪಿಗೆಯಿಲ್ಲ.

ಅಮ್ಮನ ತವರು ದುರ್ಗ. ಅಲ್ಲಿಯವರಿಗೆ 1972ರ ‘ನಾಗರಹಾವು’ ಮನೆ ಸಿನಿಮಾ. ಅದರಲ್ಲಿ ರಾಮಾಚಾರಿ ವಿಷ್ಣುವಿಗೂ ಜಲೀಲ ಅಂಬರೀಶ್‌ಗೂ ಹಾವು ಮುಂಗುಸಿ. ತೆರೆಯಾಚೆ ಇಬ್ಬರೂ ಸಾಯೋವರೆಗೆ ಕುಚಿಕುಗಳು. ನಿಜವಾಗಿ ಮುನಿಸಿಕೊಂಡವರು ಕಾದಂಬರಿ ಬರೆದ ತ.ರಾ.ಸು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ನಾಗರಹಾವನ್ನು ಕೇರೆಹಾವು ಮಾಡಿದರು ಅನ್ನೋ ಅವರ ಮಾತನ್ನು ದುರ್ಗದಲ್ಲಿ ಈಗಲೂ ಹೇಳ್ತಾರೆ. ಅದೇ ಪುಟ್ಟಣ್ಣ ಮುಂದೆ ತ.ರಾ.ಸು. ಅವರದೇ ‘ಮಸಣದ ಹೂವು’ ಕೈಗೆತ್ತಿಕೊಂಡರು. ಅದು ಮುಗಿಯುವ ಮೊದಲೇ 1985ರಲ್ಲಿ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು. ನನ್ನ ಲೆಕ್ಕದಲ್ಲಿ ಜಗಳ ಅಂದರೆ ಇದು, ಕೆಲಸದ ಮೇಲಿನ ಜಗಳ.

ಪಶ್ಚಾತ್ತಾಪದ ವಿಷಯ. ನಟರ ಮನಸ್ಸಿನಲ್ಲಿ ಏನಿತ್ತೋ ಅವರಿಗೇ ಗೊತ್ತು, ನಾನು ಕಂಡದ್ದು ಒಬ್ಬರದ್ದು. 2018ರ ಜುಲೈನಲ್ಲಿ ‘ನಾಗರಹಾವು’ ಡಿಜಿಟಲ್ ಆಗಿ ಮತ್ತೆ ಬಂದಾಗ ಅಪ್ಪನನ್ನು ಕರೆದುಕೊಂಡು ಹೋದೆ. ಅಣ್ಣಾವ್ರ ಕಟ್ಟಾ ಅಭಿಮಾನಿ. ವಿಷ್ಣು ಪೋಸ್ಟರ್ ನೂರಾರು ಅಂಟಿಸಿದ್ದರೂ ಒಂದು ಚಿತ್ರವನ್ನೂ ಪೂರ್ತಿ ನೋಡಿದವರಲ್ಲ. ಚಾಮಯ್ಯ ಮೇಷ್ಟ್ರು ಬಂದಾಗಲೆಲ್ಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತು, ನನ್ನ ಮುಖ ನೋಡದೆ ಹೇಳಿದರು: “ಒಂದ್ಸಲ ನಾನೂ ಎರಚಿದ್ದೆ ನೋಡಪ್ಪ. ಇವರ ಪೋಸ್ಟರಿಗೇ.”

“ಆಮೇಲೆ?”

“ಆಮೇಲೇನು, ಬೆಳಿಗ್ಗೆ ನಾನೇ ತೊಳೆದೆ.”

ಟಾಕೀಸಿನ ಮುಂದೆ ಕಟ್ಟಿದ್ದ ಫ್ಲೆಕ್ಸ್ ಮೇಲೆ ಒಮ್ಮೆ ಕೈಯಾಡಿಸಿದರು. “ಇದು ವಾಸಿ. ಒಂದು ಚೊಂಬು ನೀರು ಹೊಡೆದರೆ ಹೋಗುತ್ತೆ” ಅಂದು ಮಿರ್ಚಿ ಕಡೆ ತಿರುಗಿದರು.