ನಿಮ್ಮ ಮನೆಯಲ್ಲಿ ಯಾರ ಹೊತ್ತು ಅಗ್ಗ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಹುಬ್ಬಳ್ಳಿಯಲ್ಲಿ ಮನೆ, ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಜೊತೆಗೆ ನಿಮ್ಮ ತಾಯಿ. ನೀವು ಚರ್ಚಿನ ಸಭೆಯ ಯುವಜನರ ಕೂಟದಲ್ಲಿ ಓಡಾಡುತ್ತೀರಿ; ನಿಮ್ಮ ಹೆಂಡತಿ ಹೊತ್ತು ಸಾಲುವುದಿಲ್ಲವೆಂದು ಗಾಯನ ಮಂಡಳಿ ಬಿಟ್ಟಿದ್ದಾರೆ. ಹೋದ ರವಿವಾರ ಬೈಬಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ ಮೇಲೆ ಪ್ರಸಂಗ ಕೇಳಿ ಬಂದ ಮೇಲೆ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿದೆ. ಪ್ರೀತಿಯಲ್ಲಿ ನಡೆಯುವುದು, ಕಾಲವನ್ನು ಜಾಣತನದಿಂದ ಬಳಸುವುದು, ಒಬ್ಬರಿಗೊಬ್ಬರು ತಗ್ಗಿ ನಡೆಯುವುದು, ಈ ಮೂರನ್ನೂ ಸಂಸಾರದಲ್ಲಿ ತರುವುದು ಹೇಗೆ, ಮೊದಲು ತಗ್ಗಬೇಕಾದವರು ಯಾರು ಎಂದು ಕೇಳಿದ್ದೀರಿ.

ನಾನು ಧಾರವಾಡದವಳು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ದೇವಶಾಸ್ತ್ರ ಓದಿದವಳಲ್ಲ, ಆದರೆ ಈ ಅಧ್ಯಾಯದ ಮೇಲಿನ ಪ್ರಸಂಗಗಳನ್ನು ಮದುವೆ ಮನೆಗಳಲ್ಲಿ ಕೇಳಿ ಕೇಳಿ ಕಿವಿ ಹಣ್ಣಾಗಿದೆ. ನಿಮ್ಮ ಮೂರು ಪ್ರಶ್ನೆಗಳನ್ನು ನಾನು ಒಂದೇ ಪ್ರಶ್ನೆಯಾಗಿ ತಿರುಗಿಸಿ ನಿಮಗೇ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರ ಹೊತ್ತು ಅಗ್ಗ?

ನಮ್ಮ ಅವಳಿ ನಗರದಲ್ಲಿ ಇದನ್ನು ಕಂಡುಕೊಳ್ಳಲು ನಳದ ನೀರು ಬರುವ ರಾತ್ರಿ ಸಾಕು. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಇಲ್ಲಿಯವರೆಗೆ ಬರುತ್ತದೆ, ಆದರೆ ಎಷ್ಟೋ ಓಣಿಗಳಿಗೆ ದಿನವೂ ಬರುವುದಿಲ್ಲ; ಬರುವ ದಿನವೂ ನಡುರಾತ್ರಿಯೋ ನಸುಕೋ ಹೇಳಲು ಬಾರದು. ಮೊದಲು ನಳ ಬುಸುಗುಟ್ಟುತ್ತದೆ. ಆಮೇಲೆ ರಾಡಿ ನೀರು. ಅದನ್ನು ಹರಿಯಬಿಟ್ಟು, ತಿಳಿಯಾದ ಮೇಲೆ ಪೈಪು ಹಚ್ಚಿ, ತೊಟ್ಟಿ ತುಂಬಿಸಿ, ಡ್ರಮ್ಮು ತುಂಬಿಸಿ, ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿ ಕೊಡಗಳಿಗೆ ಹಾಕಿ ಮುಗಿಸುವ ಹೊತ್ತಿಗೆ ಕಣ್ಣಿನ ನಿದ್ದೆ ಹಾರಿಹೋಗಿರುತ್ತದೆ. ಆ ಬುಸುಗುಟ್ಟುವ ಸದ್ದಿಗೆ ನಿಮ್ಮ ಮನೆಯಲ್ಲಿ ಏಳುವವರು ಯಾರು? ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋಗಬೇಕು, ಆದರೆ ಪ್ರತಿ ಸಲವೂ ಏಳುವವರು ಒಬ್ಬರೇ ಎಂದಾದರೆ, ಒಬ್ಬರ ನಿದ್ದೆಗೆ ಬೆಲೆಯಿದೆ, ಇನ್ನೊಬ್ಬರದಕ್ಕೆ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿಬಿಟ್ಟಿದೆ. ಅಧ್ಯಾಯ ಮಾತನಾಡುವುದು ಈ ತೀರ್ಮಾನದ ಬಗ್ಗೆಯೇ.

ನನ್ನ ಯಜಮಾನರು ರೈಲ್ವೆಯಲ್ಲಿದ್ದರು. ಅವರು ಪಾಳಿ ಮುಗಿಸಿ ಬಂದು ಆಗತಾನೇ ಮಲಗಿದ್ದರೆ ನಾನು ಏಳುತ್ತಿದ್ದೆ. ನನ್ನ ಮುಂದೆ ಉತ್ತರಪತ್ರಿಕೆಗಳ ಕಟ್ಟು ಬಿದ್ದಿರುವ ವಾರಗಳಲ್ಲಿ ಅವರು ಏಳುತ್ತಿದ್ದರು. ಗಂಡಸು ಕೊಡ ಎತ್ತುವುದನ್ನು ನೋಡಿ ನನ್ನ ಅತ್ತೆಯವರು ಮೊದಮೊದಲು ಮುಖ ಗಂಟು ಹಾಕಿಕೊಂಡರು, ಆಮೇಲೆ ಮಗ್ಗುಲು ಬದಲಿಸಿ ಮಲಗುವುದನ್ನು ರೂಢಿಸಿಕೊಂಡರು.

ಈಗ ವಾಕ್ಯಕ್ಕೆ ಬರೋಣ. ಅಧ್ಯಾಯ ಶುರುವಾಗುವುದು ಪ್ರೀತಿಯಿಂದ: ಕ್ರಿಸ್ತನು ತನ್ನನ್ನೇ ಒಪ್ಪಿಸಿಕೊಟ್ಟಂತೆ ನೀವೂ ನಡೆಯಿರಿ ಎಂಬುದು 2ನೆಯ ವಚನದ ಮಾತು. 15 ಮತ್ತು 16ರಲ್ಲಿ ಕಾಲದ ಮಾತು ಬರುತ್ತದೆ. 21ರಲ್ಲಿ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದು ಎಲ್ಲರಿಗೂ ಹೇಳಿದ ಮೇಲೆಯೇ 22ರಲ್ಲಿ ಹೆಂಡತಿಯರ ಪ್ರಸ್ತಾಪ. ನಮ್ಮ ಪ್ರಸಂಗಿಗಳಲ್ಲಿ ಹಲವರು ನೇರವಾಗಿ 22ಕ್ಕೆ ಜಿಗಿಯುತ್ತಾರೆ. ಎಣಿಸಿ ನೋಡಿ: ಹೆಂಡತಿಯರನ್ನು ಕುರಿತು 22ರಿಂದ 24ರವರೆಗೆ ಮೂರು ವಚನ; ಗಂಡಂದಿರನ್ನು ಕುರಿತದ್ದು 25ರಿಂದ 33ರವರೆಗೆ ಹರಿಯುತ್ತದೆ. ಪ್ರಸಂಗಗಳಲ್ಲಿ ಮಾತ್ರ ಈ ಅಳತೆ ತಲೆಕೆಳಗಾಗಿರುತ್ತದೆ. ಪೌಲನ ಕಾಲದ ರೋಮ್ ಸಾಮ್ರಾಜ್ಯದಲ್ಲಿ ಮನೆಯ ಯಜಮಾನನಿಗೆ ಹೆಂಡತಿ, ಮಕ್ಕಳು, ಆಳುಗಳ ಮೇಲೆ ಅಧಿಕಾರವಿತ್ತು. ಅಧಿಕಾರ ನಡೆಸು ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಂಥವನಿಗೆ ಈ ಪತ್ರಿಕೆ ಹೇಳುವುದು ನಿನ್ನ ಪ್ರಾಣವನ್ನೇ ಕೊಡು ಎಂದು. ಪ್ರಾಣ ಕೊಡುವ ಸಂದರ್ಭ ಬಹಳ ಮಂದಿಗೆ ಬರುವುದಿಲ್ಲ ಬಿಡಿ. ನಸುಕಿನ ನಿದ್ದೆ ಕೊಡುವ ಸಂದರ್ಭ ಮಾತ್ರ ಮೇಲಿಂದ ಮೇಲೆ ಬರುತ್ತದೆ.

ತಗ್ಗುವುದು ಎಂದರೆ ಕೆಳಗಿನವರು ಮೇಲಿನವರಿಗೆ ತಗ್ಗುವುದು ಎಂಬ ತಿಳಿವಳಿಕೆ ನಮ್ಮ ಸಭೆಗಳಿಗೆ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆ ನಿಂತರು. ಶಾಲೆ ಕಟ್ಟಿದರು, ಕನ್ನಡ ಕಲಿತರು, 1894ರಲ್ಲಿ ಹೊರಬಂದ ಕಿಟೆಲ್ಲರ ನಿಘಂಟಿನಂಥ ಉಪಕಾರ ಮಾಡಿದರು. ಆದರೆ ಆ ಮಿಷನರಿಗಳು ಮದುವೆಯಾಗಬೇಕಾದರೂ ಬಾಸೆಲ್ ಊರಿನ ಸಮಿತಿಯ ಅಪ್ಪಣೆ ಬೇಕಿತ್ತು; ಎಷ್ಟೋ ಮಂದಿಗೆ ವಧುವನ್ನು ಅಲ್ಲಿಂದಲೇ ಹಡಗು ಹತ್ತಿಸಿ ಕಳುಹಿಸುತ್ತಿದ್ದರು. ಇಲ್ಲಿನವರು ತಗ್ಗುವುದು, ಅಲ್ಲಿನವರು ಅಪ್ಪಣೆ ಕೊಡುವುದು. ಅವರ ಶಿಸ್ತಿನ ಜೊತೆಗೆ ಈ ಏಕಮುಖದ ತಗ್ಗುವಿಕೆಯೂ ನಮಗೆ ಬಳುವಳಿಯಾಗಿ ಬಂದಿರಬೇಕೆಂಬುದು ನನ್ನ ಗುಮಾನಿ.

ಕಾಲದ ವಿಷಯದಲ್ಲಿ ನಿಮಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಕಾಲವನ್ನು ಸದುಪಯೋಗ ಮಾಡುವುದೆಂದರೆ ದಿನದೊಳಗೆ ಇನ್ನೂ ನಾಲ್ಕು ಕೆಲಸ ತುರುಕುವುದು ಎಂದು ನೀವು ತಿಳಿದಂತಿದೆ. ಈ ಮಾತು ಬರೆದವನು ತಾನು ಸೆರೆಯಲ್ಲಿದ್ದೇನೆ, ಬೇಡಿಯಲ್ಲಿದ್ದೇನೆ ಎಂದು ಅದೇ ಪತ್ರಿಕೆಯಲ್ಲಿ ಹೇಳಿಕೊಂಡಿದ್ದಾನೆ. ಅವನ ದಿನದಲ್ಲಿ ಓಡಾಟವೇ ಇರಲಿಲ್ಲ. ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿ. ಸಭಾಮಂದಿರದ ಅಧಿಕಾರಿ ಯಾಯೀರನ ಹನ್ನೆರಡು ವರ್ಷದ ಮಗಳು ಸಾಯುವಂತಿದ್ದಾಳೆ, ಯೇಸು ಅವನ ಜೊತೆ ಹೊರಟಿದ್ದಾನೆ. ಗುಂಪಿನಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಯೇಸುವಿನ ಉಡುಪನ್ನು ಮುಟ್ಟುತ್ತಾಳೆ, ಗುಣವಾಗುತ್ತಾಳೆ. ಅಷ್ಟಕ್ಕೆ ಮುಂದೆ ನಡೆಯಬಹುದಾಗಿತ್ತು. ಅವನು ನಿಂತ. ಮುಟ್ಟಿದವರು ಯಾರೆಂದು ಕೇಳಿದ, ಅವಳು ನಡುಗುತ್ತಾ ತನ್ನ ಕಥೆಯನ್ನೆಲ್ಲ ಹೇಳುವವರೆಗೆ ಕಿವಿಗೊಟ್ಟ. ಊರಿನ ಮುಖಂಡ ಪಕ್ಕದಲ್ಲಿ ಚಡಪಡಿಸುತ್ತಾ ನಿಂತಿದ್ದ. ಅಷ್ಟರಲ್ಲಿ ಮಗಳು ತೀರಿಕೊಂಡ ಸುದ್ದಿಯೂ ಬಂತು. ಆ ಹುಡುಗಿಯನ್ನೂ ಅವನು ಎಬ್ಬಿಸಿದ, ಅದು ಕಥೆಯ ಮುಂದಿನ ಭಾಗ. ಆದರೆ ಯಾರೂ ಲೆಕ್ಕಕ್ಕಿಡದ ಹೆಂಗಸಿನ ಹೊತ್ತನ್ನು ಮುಖಂಡನ ಹೊತ್ತಿಗೆ ಸಮನಾಗಿ ತೂಗಿದ್ದನ್ನು ನೋಡಿದಿರಾ? ಜಾಣತನದ ಬಳಕೆ ಎಂದರೆ ನನಗೆ ನೆನಪಾಗುವುದು ಆ ನಿಲ್ಲುವಿಕೆ.

ನಿಮ್ಮ ಸಭೆಯ ಓಡಾಟಕ್ಕೆ ಸಂಬಂಧಿಸಿದಂತೆ ಮಾರ್ಕನ 7ನೆಯ ಅಧ್ಯಾಯವನ್ನೂ ಓದಿಕೊಳ್ಳಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ಕೈ ತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ಹಣಕ್ಕೆ ಸಲ್ಲುವ ಮಾತು ಹೊತ್ತಿಗೂ ಸಲ್ಲುತ್ತದೆ. ಬುಧವಾರ ಮನೆಪ್ರಾರ್ಥನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಸಮಿತಿ ಎಂದು ನೀವು ಹೊರಟಾಗಲೆಲ್ಲ ನಿಮ್ಮ ತಾಯಿಯ ಮಾತ್ರೆ, ಮರುದಿನದ ಬುತ್ತಿ, ನೀರಿನ ಪಾಳಿ ಯಾರ ತಲೆಗೆ ಬೀಳುತ್ತದೆ? ನೀವು ದೇವರಿಗೆ ಕೊಡುತ್ತಿರುವುದು ನಿಮ್ಮ ಹೊತ್ತನ್ನೋ ನಿಮ್ಮ ಹೆಂಡತಿಯ ಹೊತ್ತನ್ನೋ? ರವಿವಾರ ಆರಾಧನೆ ಮುಗಿದ ಮೇಲೆ ಗಂಡಸರು ಬೇವಿನ ಮರದ ಕೆಳಗೆ ನಿಂತು ತಾಸುಗಟ್ಟಲೆ ಅನ್ಯೋನ್ಯತೆ ಬೆಳೆಸುವುದು, ಹೆಂಗಸರು ಸೆರಗು ಸಿಕ್ಕಿಸಿಕೊಂಡು ಅಡುಗೆಗೆ ಓಡುವುದು ಎಲ್ಲ ಊರಿನಲ್ಲೂ ಇದೆ.

ಮನೆಗೆಲಸಕ್ಕೆ ಬರುವವರನ್ನೂ ಮರೆಯಬೇಡಿ. ಪತ್ರಿಕೆಯ 6ನೆಯ ಅಧ್ಯಾಯ ಮಕ್ಕಳಿಗೆ ಸಿಟ್ಟೆಬ್ಬಿಸಬೇಡಿ ಎಂದು ತಂದೆಯರಿಗೆ, ಬೆದರಿಸುವುದನ್ನು ಬಿಡಿ ಎಂದು ಯಜಮಾನರಿಗೆ ಹೇಳುತ್ತದೆ. ಕೂಲಿಯವನಿಗೆ ಅದೇ ದಿನ, ಹೊತ್ತು ಮುಳುಗುವ ಮುಂಚೆ ಕೂಲಿ ಕೊಡಬೇಕೆಂಬುದು ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಕಟ್ಟಳೆ. ನಾಳೆ ಬಾ, ನಾಡಿದ್ದು ಬಾ ಎಂದು ಪಾತ್ರೆ ತೊಳೆಯುವವಳನ್ನು ಸಂಬಳಕ್ಕೆ ಅಲೆದಾಡಿಸುವ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಎಷ್ಟು ಉದ್ದವಿದ್ದರೇನು?

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದನ್ನು ಬೇರೆಯವರೂ ಓದುತ್ತಾರೆ. ಏಟು ತಿನ್ನುವುದು ತಗ್ಗಿ ನಡೆಯುವುದಲ್ಲ. ಹೊಡೆಯುವ ಗಂಡನ ಮನೆಯಲ್ಲಿ ಸಹಿಸಿಕೊಂಡಿರು ಎಂದು ಈ ಅಧ್ಯಾಯ ತೋರಿಸಿ ಹೇಳುವವರು ಅದರ 28 ಮತ್ತು 29ನೆಯ ವಚನ ಓದಿಲ್ಲ. ಹೆಂಡತಿಯನ್ನು ತನ್ನ ದೇಹದಂತೆ ಪೋಷಿಸಬೇಕೆಂದು ಅಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ, 181 ಮಹಿಳಾ ಸಹಾಯವಾಣಿ. ಪ್ರಾರ್ಥನೆಯನ್ನೂ ಮಾಡಿ, ಈ ಸಂಖ್ಯೆಗೆ ಕರೆಯನ್ನೂ ಮಾಡಿ.

ನಿಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲವೆಂದು ನಿಮ್ಮ ಬರಹದಿಂದ ಕಾಣುತ್ತದೆ. ಹಾಗಾದರೆ ಮೊದಲು ತಗ್ಗಬೇಕಾದವರು ನೀವು. ಗಂಡ ಎಂಬ ಕಾರಣಕ್ಕಲ್ಲ, ಸದ್ಯ ಹೆಚ್ಚು ಬಿಡುವು ಇರುವವರು ನೀವೇ ಎಂಬ ಕಾರಣಕ್ಕೆ. ನಾಳೆ ಅವರಿಗೆ ಬಿಡುವಾಗಿ ನಿಮಗೆ ಕೆಲಸದ ಒತ್ತಡ ಬಂದರೆ ಸರದಿ ಅವರದು. ಹೆಂಡತಿಯನ್ನು ಕೂರಿಸಿಕೊಂಡು ಉಪದೇಶ ಮಾಡಬೇಡಿ, ನಾನು ಬರೆದದ್ದನ್ನು ಓದಿ ಹೇಳಲೂ ಬೇಡಿ. ಗಾಯನ ಮಂಡಳಿಯ ಅಭ್ಯಾಸ ಯಾವ ಸಂಜೆ ಎಂದು ವಿಚಾರಿಸಿ, ಆ ಸಂಜೆಯ ನಿಮ್ಮ ಸಮಿತಿ ಬಿಟ್ಟುಬಿಡಿ. ಅವರು ಹಾಡಲು ಹೋಗುತ್ತಾರೋ, ಬಾಗಿಲು ಹಾಕಿಕೊಂಡು ಮಲಗುತ್ತಾರೋ ಅದು ಅವರಿಷ್ಟ. ಹೋಗಲೇಬೇಕೆಂದು ಒತ್ತಾಯಿಸಿದರೆ ಕೊಟ್ಟದ್ದನ್ನು ಕಸಿದುಕೊಂಡಂತೆ. ಆ ರಾತ್ರಿಯ ಅಡುಗೆ ನಿಮ್ಮದು. ಜೋಳದ ರೊಟ್ಟಿ ಬಡಿಯಲು ಬಾರದಿದ್ದರೆ ಖಾನಾವಳಿಯಿಂದ ತನ್ನಿ, ಹುಬ್ಬಳ್ಳಿಯಲ್ಲಿ ಅದಕ್ಕೇನೂ ಬರವಿಲ್ಲ. ಪಲ್ಯವನ್ನಾದರೂ ನೀವೇ ಮಾಡಿ, ಉಪ್ಪು ಹೆಚ್ಚಾಯಿತೆಂದು ನಿಮ್ಮ ತಾಯಿ ಅಂದರೆ ಅನ್ನಿಸಿಕೊಳ್ಳಿ.