ಓದುಗರ ಪ್ರಶ್ನೆ: ಮನೆಯ ಅಡುಗೆಗೆ ಎಂಥ ಚಾಕು ಬೇಕು?

ಪ್ರಶ್ನೆ: ಮಾನ್ಯರೆ, ಕಳೆದ ವರ್ಷ ಹೊಸ ಮನೆಯ ಗೃಹಪ್ರವೇಶಕ್ಕೆ ಆರು ಚಾಕುಗಳ ಒಂದು ಸೆಟ್ ಉಡುಗೊರೆಯಾಗಿ ಬಂತು. ಮೊದಮೊದಲು ಚೆನ್ನಾಗಿಯೇ ಇದ್ದವು. ಈಗ ಟೊಮೆಟೊ ಹೆಚ್ಚಲು ಹೋದರೆ ಸಿಪ್ಪೆ ಕತ್ತರಿಸುವ ಮೊದಲೇ ಹಣ್ಣು ಅಪ್ಪಚ್ಚಿಯಾಗುತ್ತದೆ. ನಾನು ಅಡುಗೆಕಟ್ಟೆಯ ಮೇಲೆಯೇ ಹೆಚ್ಚುವವಳು. ದುಬಾರಿಯಾದರೂ ಒಳ್ಳೆಯ ಚಾಕು ಕೊಳ್ಳೋಣವೆಂದಿದ್ದೇನೆ. ಯಾವುದನ್ನು ಕೊಳ್ಳಲಿ, ಎಷ್ಟು ಕೊಳ್ಳಲಿ? ಅತ್ತೆಯವರ ಕಾಲದ ಈಳಿಗೆ ಮಣೆಯೊಂದು ಅಟ್ಟದ ಮೇಲಿದೆ, ಅದನ್ನು ಹಳೆ ಸಾಮಾನಿಗೆ ಹಾಕಿಬಿಡಬಹುದೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಚಾಕುಗಳು ಏಕೆ ಕೆಟ್ಟವೆಂಬುದು ನಿಮ್ಮ ಪತ್ರದ ಒಂದು ವಾಕ್ಯದಲ್ಲಿಯೇ ಇದೆ. ಅಡುಗೆಕಟ್ಟೆಯ ಗ್ರಾನೈಟ್‌ನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಅವು ಚಾಕುವಿನ ಉಕ್ಕಿಗಿಂತ ಗಡುಸು. ಈರುಳ್ಳಿಯನ್ನು ಕತ್ತರಿಸಿ ಅಲಗು ಕಲ್ಲಿಗೆ ತಾಗಿದಾಗಲೆಲ್ಲ ಅದರ ಬಾಯಿ ಒಂದಿಷ್ಟು ಮಡಚಿಕೊಳ್ಳುತ್ತದೆ. ಎಷ್ಟೇ ಬೆಲೆಯ ಚಾಕು ತಂದರೂ ಕಲ್ಲಿನ ಮೇಲೆ ಹೆಚ್ಚಿದರೆ ಅದು ಬಹಳ ದಿನ ಹರಿತವಾಗಿ ಉಳಿಯಲಾರದು. ಗಾಜಿನ ಹಲಗೆ ಮತ್ತು ಸ್ಟೀಲ್ ತಟ್ಟೆಯ ವಿಷಯದಲ್ಲಿಯೂ ಇದೇ ಮಾತು. ಆದ್ದರಿಂದ ಚಾಕುವಿಗಿಂತ ಮೊದಲು ಮರದ ಅಥವಾ ಪ್ಲಾಸ್ಟಿಕ್‌ನ ಒಂದು ಅಗಲವಾದ ಹಲಗೆಯನ್ನು ಕೊಳ್ಳಿರಿ, ಜಾರದಂತೆ ಅದರ ಕೆಳಗೊಂದು ಒದ್ದೆ ಬಟ್ಟೆಯನ್ನು ಹಾಸಿಕೊಳ್ಳಿರಿ.

ಇನ್ನು ಎಷ್ಟು ಚಾಕು ಬೇಕೆಂಬುದು. ನಮ್ಮ ಕಡೆಯ ಸಸ್ಯಾಹಾರದ ಅಡುಗೆಗೆ ಎರಡು ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲಗು 6ರಿಂದ 8 ಇಂಚು ಉದ್ದವಿರುವ, ಬುಡದಲ್ಲಿ ಅಗಲವಾಗಿರುವ ದೊಡ್ಡ ಚಾಕು ಒಂದು: ಮಂಡಕ್ಕಿಗೆ ಈರುಳ್ಳಿ ಸಣ್ಣಗೆ ಹೆಚ್ಚುವುದಕ್ಕೆ, ಎಲೆಕೋಸಿಗೆ, ಸೊಪ್ಪಿಗೆ, ಕುಂಬಳಕಾಯಿಯ ಹೋಳಿಗೆ ಇದೇ ಬೇಕು. 3ರಿಂದ 4 ಇಂಚಿನ ಸಣ್ಣ ಚಾಕು ಇನ್ನೊಂದು: ಮಿರ್ಚಿಗೆ ಮೆಣಸಿನಕಾಯಿ ಸೀಳುವಾಗ, ಎಣ್ಣೆಗಾಯಿಗೆ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡುವಾಗ ದೊಡ್ಡ ಚಾಕು ಕೈಗೆ ಒಗ್ಗುವುದಿಲ್ಲ. ಮನೆಯಲ್ಲಿ ಬ್ರೆಡ್ ಹೆಚ್ಚಾಗಿ ಬಳಸುವವರು ಹಲ್ಲಿರುವ ಚಾಕು ಒಂದನ್ನು ಸೇರಿಸಿಕೊಳ್ಳಬಹುದು. ಆರರ ಸೆಟ್‌ಗೆ ಕೊಡುವ ಹಣವನ್ನು ಈ ಎರಡರ ಮೇಲೆ ಹಾಕಿದರೆ ಗುಣಮಟ್ಟದಲ್ಲಿ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ದಿನಬಳಕೆಗೆ ಸ್ಟೇನ್‌ಲೆಸ್ ಉಕ್ಕೇ ಸರಿ. ಅದರಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುವುದರಿಂದ ಹುಣಸೆ, ನಿಂಬೆ, ಟೊಮೆಟೊಗಳ ಹುಳಿಗೆ ಅದು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಕೆಲವು ಪೊಟ್ಟಣಗಳ ಮೇಲೆ ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಮಾಪನದಲ್ಲಿ ಮುದ್ರಿಸಿರುತ್ತಾರೆ. 55ರಿಂದ 58ರವರೆಗೆ ಇದ್ದರೆ ಮನೆಗೆ ಯೋಗ್ಯ. 60 ದಾಟಿದ ಚಾಕುಗಳು ಹೆಚ್ಚು ಕಾಲ ಹರಿತ ಉಳಿಸಿಕೊಳ್ಳುತ್ತವೆ ನಿಜ, ಆದರೆ ಅವುಗಳ ಬಾಯಿ ಬೇಗ ಸಿಡಿಯುತ್ತದೆ. ಅವಸರದಲ್ಲಿ ಗಟ್ಟಿ ಬೆಲ್ಲಕ್ಕೂ ಚಾಕು ಹಾಕುವ ಅಭ್ಯಾಸವಿರುವ ಮನೆಗಳಿಗೆ ಅವು ಬೇಡ.

ಮಂಡಿಪೇಟೆಯಲ್ಲಾಗಲಿ ಬೇರೆಲ್ಲೇ ಆಗಲಿ, ಪೊಟ್ಟಣ ಬಿಚ್ಚಿ ಕೈಯಲ್ಲಿ ಹಿಡಿದು ನೋಡಲು ಬಿಡುವ ಅಂಗಡಿಯಲ್ಲಿಯೇ ಕೊಳ್ಳಿರಿ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗಿನ ಬುಡವನ್ನು ಒತ್ತಿಕೊಂಡು ಹೆಚ್ಚುವಂತೆ ಆಡಿಸಿರಿ. ಮುಂದಕ್ಕೂ ವಾಲದೆ ಹಿಂದಕ್ಕೂ ಎಳೆಯದೆ ಚಾಕು ಕೈಯಲ್ಲಿ ನಿಂತರೆ ಅದು ನಿಮ್ಮ ಚಾಕು. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿ, ಮೊಳೆಗಳಿಂದ ಭದ್ರವಾಗಿರುವುದು ಬಾಳಿಕೆ ಬರುತ್ತದೆ. ನುಣುಪಾದ ಸ್ಟೀಲ್ ಹಿಡಿ ನೋಡಲು ಚೆಂದವಾದರೂ ಎಣ್ಣೆಗೈಯಲ್ಲಿ ಜಾರುತ್ತದೆಂದು ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ.

ಕೊಂಡ ಮೇಲೆ ಮಾಡಬೇಕಾದ ಕೆಲಸವೇ ಹೆಚ್ಚಿನದು, ಅದು ಸಾಣೆ. ಹಿಂದೊಮ್ಮೆ ನನ್ನ ಮೆಚ್ಚಿನ ಚಾಕುವನ್ನು ಯಂತ್ರದ ಚಕ್ರಕ್ಕೆ ಸಾಣೆಗೆ ಕೊಟ್ಟಿದ್ದೆ. ಕಿಡಿ ಹಾರಿಸುತ್ತ ಎರಡೇ ನಿಮಿಷದಲ್ಲಿ ಮುಗಿಸಿ ಕೊಟ್ಟರು. ಮನೆಗೆ ತಂದು ಬೆಳಕಿಗೆ ಹಿಡಿದಾಗ ಅಂಚಿನುದ್ದಕ್ಕೂ ನವಿಲುಗರಿಯಂಥ ನೀಲಿ ಗೆರೆಯೊಂದು ಕಾಣಿಸಿತು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಮೂಡುವ ಬಣ್ಣವದು, ಅಂದರೆ ಅಷ್ಟು ಭಾಗದ ಹದ ಹೋಯಿತೆಂದು ಅರ್ಥ. ಅಲ್ಲಿಂದ ಆ ಚಾಕು ವಾರಕ್ಕೊಮ್ಮೆ ಮೊಂಡಾಗತೊಡಗಿತು. ಚಕ್ರಕ್ಕೆ ಕೊಡಲೇಬೇಕಾದರೆ ನಡುನಡುವೆ ನೀರಿನಲ್ಲಿ ಅದ್ದುತ್ತ ಹಿಡಿಯಲು ಕೇಳಿಕೊಳ್ಳಿರಿ.

ಮನೆಯಲ್ಲಿಯೇ ಹಿಡಿಯುವುದು ಅದಕ್ಕಿಂತ ಒಳ್ಳೆಯದು, ಕಷ್ಟವೂ ಅಲ್ಲ. ಒಂದು ಬದಿ ಒರಟಾಗಿ ಇನ್ನೊಂದು ಬದಿ ನುಣುಪಾಗಿರುವ ಸಾಣೆಕಲ್ಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತದೆ. ಕಲ್ಲಿನ ಮೇಲೆ ಅಂಕಿ ಇದ್ದರೆ 400 ಒರಟು, 1000 ನುಣುಪು ಎಂದು ತಿಳಿಯಿರಿ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಚಾಕುವನ್ನು ಅದರ ಮೇಲೆ ಮಲಗಿಸಿ, ಬೆನ್ನನ್ನು ಸ್ವಲ್ಪ ಎತ್ತಿರಿ. ಅಲಗಿನ ಅಗಲ 4.5 ಸೆಂಟಿಮೀಟರ್ ಇದ್ದರೆ ಬೆನ್ನು ಕಲ್ಲಿನಿಂದ 1.5 ಸೆಂಟಿಮೀಟರ್ ಮೇಲಿರಲಿ, ಆಗ ಓರೆ ಸುಮಾರು 20 ಡಿಗ್ರಿ ಆಗುತ್ತದೆ. ಆ ಓರೆಯನ್ನು ಬದಲಿಸದೆ ಬುಡದಿಂದ ಮೊನೆಯವರೆಗೆ ನಿಧಾನವಾಗಿ ಉಜ್ಜುತ್ತ ಹೋದರೆ, ಸ್ವಲ್ಪ ಹೊತ್ತಿಗೆ ಎದುರು ಬದಿಯ ಅಂಚಿನಲ್ಲಿ ಕೂದಲೆಳೆಯಷ್ಟು ತರಿ ಏಳುತ್ತದೆ. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯದೆ, ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಮೆಲ್ಲಗೆ ಸವರಿದರೆ ಅದು ತಿಳಿಯುತ್ತದೆ. ತರಿ ಉದ್ದಕ್ಕೂ ಎದ್ದ ಮೇಲೆ ಚಾಕುವನ್ನು ಮಗುಚಿ ಇನ್ನೊಂದು ಬದಿಯನ್ನು ಹಾಗೆಯೇ ಉಜ್ಜಿರಿ. ಕೊನೆಗೆ ನುಣುಪು ಬದಿಯಲ್ಲಿ ಹಗುರವಾಗಿ ಎರಡೂ ಕಡೆ ಎಳೆದರೆ ತರಿ ಉದುರುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಇದಕ್ಕೆ ಕೊಟ್ಟರೆ ಸಾಕು. ನಿಮ್ಮ ಆರು ಚಾಕುಗಳಲ್ಲಿ ಹಿಡಿ ಗಟ್ಟಿಯಾಗಿರುವ ಒಂದನ್ನು ಮೊದಲು ಹೀಗೆ ಹಿಡಿದು ನೋಡಿರಿ. ಟೊಮೆಟೊದ ಸಿಪ್ಪೆ ಒತ್ತಡವಿಲ್ಲದೆ ಬಿಟ್ಟುಕೊಟ್ಟರೆ ಹೊಸದನ್ನು ಕೊಳ್ಳುವ ಅಗತ್ಯವೇ ಬೀಳದಿರಬಹುದು.

ಈಳಿಗೆ ಮಣೆಯನ್ನು ದಯವಿಟ್ಟು ಹಳೆ ಸಾಮಾನಿಗೆ ಹಾಕಬೇಡಿರಿ. ಅಲಗು ನಿಂತಲ್ಲಿಯೇ ನಿಂತು, ಎರಡೂ ಕೈಗಳು ತರಕಾರಿಯನ್ನು ಹಿಡಿದಿರುವ ಅನುಕೂಲ ಯಾವ ಚಾಕುವಿನಲ್ಲಿಯೂ ಇಲ್ಲ. ಹಲಸಿನಕಾಯಿ, ಬಾಳೆದಿಂಡು, ದೊಡ್ಡ ಕುಂಬಳಕಾಯಿಗಳಿಗೆ ಅದೇ ಸುಲಭ, ತುದಿಯಲ್ಲಿ ತುರಿಯುವ ಹಲ್ಲಿದ್ದರೆ ಕಾಯಿತುರಿಗೂ ಆಯಿತು. ನೆಲದ ಮೇಲೆ ಕೂರಲಾಗದವರಿಗೆ ಮಾತ್ರ ಅದು ತೊಂದರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೆಲಸ ಮುಗಿದೊಡನೆ ಅಲಗನ್ನು ಮಡಚಿ, ಮಡಚಲು ಬಾರದಿದ್ದರೆ ಗೋಡೆಗೆ ಎತ್ತರದಲ್ಲಿ ತೂಗುಹಾಕಿರಿ.

ಪ್ರಶ್ನೆ: ನಮ್ಮೂರಿನ ಕುಲುಮೆಯಲ್ಲಿ ಮಾಡಿಸಿದ ಚಾಕು ಬಹಳ ಹರಿತವಾಗಿದೆ, ಆದರೆ ಬಾಳೆಕಾಯಿ ಹೆಚ್ಚಿದರೆ ಹೋಳುಗಳೆಲ್ಲ ಕಪ್ಪಾಗುತ್ತವೆ. ಚಾಕುವಿನ ಮೇಲೂ ಕಲೆಗಳಾಗಿವೆ. ಇದು ಆರೋಗ್ಯಕ್ಕೆ ಹಾನಿಯೇ?
– ಓದುಗರು, ಹೊಸದುರ್ಗ, ಚಿತ್ರದುರ್ಗ ಜಿಲ್ಲೆ

ಉತ್ತರ: ಹಾನಿಯಿಲ್ಲ. ಹಳ್ಳಿಯ ಕಮ್ಮಾರರು ಸಾಮಾನ್ಯವಾಗಿ ಲಾರಿಯ ಸ್ಪ್ರಿಂಗ್ ಪಟ್ಟಿಯಂಥ ಗಟ್ಟಿ ಉಕ್ಕನ್ನು ಕಾಸಿ ಬಡಿದು ಚಾಕು ಮಾಡುತ್ತಾರೆ. ಅದು ಸ್ಟೇನ್‌ಲೆಸ್ ಅಲ್ಲ. ಬಾಳೆಕಾಯಿ, ಬದನೆಕಾಯಿಗಳ ಒಗರಿನ ಅಂಶ ಕಬ್ಬಿಣದೊಡನೆ ಕೂಡಿದಾಗ ಕಪ್ಪು ಬಣ್ಣ ಬರುತ್ತದೆ. ಹೋಳುಗಳನ್ನು ಹೆಚ್ಚಿದ ಹಾಗೆಯೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತ ಹೋದರೆ ಕಪ್ಪು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಚಾಕುವಿನ ಮೇಲಿನ ಬೂದುಬಣ್ಣದ ಪೊರೆಯನ್ನು ಉಜ್ಜಿ ತೆಗೆಯಬೇಡಿರಿ, ಅದು ತುಕ್ಕನ್ನು ತಡೆಯುತ್ತದೆ. ಕೆಂಪುಮಿಶ್ರಿತ ಕಂದು ಬಣ್ಣದ ತುಕ್ಕನ್ನು ಮಾತ್ರ ತಿಕ್ಕಿ ತೆಗೆಯಿರಿ. ಬಳಸಿದೊಡನೆ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಮಳೆಗಾಲದ ದಿನಗಳಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಅಲಗಿಗೆ ಸವರಿಡಿರಿ.