ವಾಸಿಯಾದ ಮಲೇರಿಯಾ ಮತ್ತೆ ಯಾಕೆ ಬರುತ್ತದೆ?

ಕಾರವಾರದ ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವ ತಮ್ಮನಿಗೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ವಾಸಿಯಾಗಿ ಎರಡು ತಿಂಗಳಿಗೆ ಮತ್ತೆ ಚಳಿಜ್ವರ ಬಂದಿದೆ ಎಂದಿದ್ದೀರಿ. ಹೊಸದಾಗಿ ಸೊಳ್ಳೆ ಕಚ್ಚದೆಯೂ ಹೀಗಾಗಬಹುದು.

ಅನಾಫಿಲಿಸ್ ಸೊಳ್ಳೆಯ ಜೊಲ್ಲಿನ ಜೊತೆ ಬರುವ ಪ್ಲಾಸ್ಮೋಡಿಯಂ ಎಂಬ ಒಂದೇ ಕೋಶದ ಪರಾವಲಂಬಿಯೇ ಮಲೇರಿಯಾ ತರುವುದು. ಅದು ಮೊದಲು ಸೇರುವುದು ಲಿವರ್‌ಗೆ. ಅಲ್ಲಿ ಒಂದೊಂದೂ ಸಾವಿರಾರು ಆಗುತ್ತದೆ, ಆಗ ಮೈಗೆ ಏನೂ ಗೊತ್ತಾಗುವುದಿಲ್ಲ.

ಆಮೇಲೆ ಅವು ಹೊಗುವುದು ಕೆಂಪು ರಕ್ತಕಣಕ್ಕೆ. ಈ ಹಂತ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಪರಾವಲಂಬಿ ಕಣಕ್ಕೆ ಅಂಟಿಕೊಂಡು, ತನ್ನ ಚೂಪು ತುದಿ ಅದರ ಕಡೆ ಬರುವಂತೆ ತಿರುಗುತ್ತದೆ. ತುದಿಯಿಂದ ಪ್ರೋಟೀನ್ ಬಿಟ್ಟು ಗಟ್ಟಿಯಾಗಿ ಹಿಡಿದು, ತನ್ನನ್ನೇ ಒಳಗೆ ತಳ್ಳಿಕೊಳ್ಳುತ್ತದೆ. ಕಣದ ಪೊರೆ ಒಡೆಯುವುದಿಲ್ಲ. ಒಳಕ್ಕೆ ಮಡಚಿ ಪರಾವಲಂಬಿಯನ್ನು ಸುತ್ತಿಕೊಳ್ಳುತ್ತದೆ. ಇಷ್ಟೆಲ್ಲ ಒಂದೆರಡು ನಿಮಿಷದ ಕೆಲಸ! ಒಳಗೆ ಹಿಮೋಗ್ಲೋಬಿನ್ ತಿಂದು ಬೆಳೆಯುತ್ತದೆ. ಮೊದಲು ಬರೀ ನ್ಯೂಕ್ಲಿಯಸ್ (ಕೋಶದ ಕೇಂದ್ರ) ಮತ್ತೆ ಮತ್ತೆ ಒಡೆಯುತ್ತದೆ, ಕೊನೆಗೆ ಒಟ್ಟಿಗೇ 12ರಿಂದ 24 ಮರಿಗಳಾಗುತ್ತವೆ. ಸುಮಾರು 48 ಗಂಟೆಗೆ ಕಣ ಒಡೆದು ಅವು ಹೊರಬೀಳುತ್ತವೆ. ನಡುಕ, ಜ್ವರ ಬರುವುದು ಆಗಲೇ. ದಿನ ಬಿಟ್ಟು ದಿನ ಜ್ವರ ಬರುವುದು ಇದಕ್ಕೇ.

ವೈವಾಕ್ಸ್‌ನಲ್ಲಿ ಕೆಲವು ಪರಾವಲಂಬಿಗಳು ಮಾತ್ರ ಲಿವರ್‌ನಲ್ಲೇ ಸುಮ್ನೆ ಮಲಗಿರುತ್ತವೆ, ತಿಂಗಳುಗಟ್ಟಲೆ. ಎದ್ದಾಗ ರಕ್ತಕ್ಕೆ ಇಳಿದು ಮತ್ತೆ ಜ್ವರ ತರುತ್ತವೆ. ಕ್ಲೋರೊಕ್ವಿನ್ ಮಾತ್ರೆ ರಕ್ತದಲ್ಲಿರುವವನ್ನು ಕೊಲ್ಲುತ್ತದೆ, ಮಲಗಿರುವ ಇವನ್ನಲ್ಲ. ಇವಕ್ಕೆ ಪ್ರೈಮಾಕ್ವಿನ್ ಎಂಬ ಇನ್ನೊಂದು ಮಾತ್ರೆ 14 ದಿನ ಬೇಕು. ಜ್ವರ ಇಳಿದ ತಕ್ಷಣ ಅದನ್ನು ಬಿಡುವವರೂ ಇದ್ದಾರೆ, ಅಲ್ವಾ? ಗರ್ಭಿಣಿಯರಿಗೆ, ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೆ ಅದು ಅಪಾಯ, ಹಾಗಾಗಿ ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ, ಹಿಂದಿನ ಸಲ ತಮ್ಮ ಪ್ರೈಮಾಕ್ವಿನ್ ಪೂರ್ತಿ ತಗೊಂಡಿದ್ದನಾ ಎಂಬುದನ್ನು ಡಾಕ್ಟರಿಗೆ ತಿಳಿಸಿ.